ಓಣಿ ಕಡೆಯ ಮೆಟ್ಟಿಲು

ಒಂಬತ್ತು, ಮತ್ತೆ ಒಂಬತ್ತು, ಈ ಸಲ ಹನ್ನೊಂದು — ಆಳುಗಳ ಸಾಲಿನ ತುದಿಯ ಅಂಜಿನಕ್ಕ ಸೆರಗು ಸಿಕ್ಕಿಸಿಕೊಂಡಳು, ಅದಕ್ಕೇ ಎರಡು ಸೆಕೆಂಡು ಹೆಚ್ಚು, ಸೆರಗು ಅಂತ ಬರೆಯಲು ತಡದ ನಮೂನೆಯಲ್ಲಿ ಕಾಲಂ ಇಲ್ಲ, ಇರುವುದು ಯಂತ್ರ ಕೆಟ್ಟಿತು, ಸಾಮಾನು ಬರಲಿಲ್ಲ, ಮಳೆ, ಚಹಾ, ಇತರೆ, ಹೆಂಗಸಿನ ಸೆರಗು ಇತರೆಯಲ್ಲಿ ಹೋಗಬೇಕು, ಹೆಂಗಸಿನದೆಲ್ಲ ಅಲ್ಲಿಗೇ ಹೋಗುವುದು — ಮತ್ತೆ ಒಂಬತ್ತು. ಕೆಳಗೆ ಮಿಕ್ಸರ್ ಗರಗರ ಅನ್ನುತ್ತಿದೆ, ಅದರ ಬಾಯಿಂದ ತುಂಬಿಕೊಂಡ ಬಾಂಡ್ಲಿ ಕೈಯಿಂದ ಕೈಗೆ ಅಟ್ಟಣಿಗೆ ಹತ್ತಿ ಬರುತ್ತದೆ, ಹದಿನಾಲ್ಕು ಜನ, ಇಪ್ಪತ್ತೆಂಟು ಕೈ, ಕೊನೆಯ ಕೈ ಬೋರಲು ಹಾಕಿ ಖಾಲಿ ಬಾಂಡ್ಲಿಯನ್ನು ಕೆಳಗೆ ಬಿಡುತ್ತದೆ, ನಾನು ಸ್ಟಾಪ್‌ವಾಚ್ ಒತ್ತುತ್ತೇನೆ. ಛಾವಣಿಗೆ ಕಾಂಕ್ರೀಟ್ ಹಾಕುವುದನ್ನು ನಮ್ಮ ಕಡೆ ಮೋಲ್ಡ್ ಅನ್ನುತ್ತಾರೆ, ಪ್ರಬಂಧದಲ್ಲಿ ಹಾಗೇ ಬರೆದಿದ್ದೆ, ನನ್ನ ಗೈಡ್ ದುರ್ಗಾದೇವಿ ಮೇಡಂ ಹೊಡೆದುಹಾಕಿದರು, ಎಂ.ಟೆಕ್ ಪ್ರಬಂಧ ಕಣಮ್ಮ ಇದು, ಮೇಸ್ತ್ರಿ ಮನೆ ಮಾತಲ್ಲ. ಮೇಸ್ತ್ರಿ ಮನೆ ಮಾತು ಬಿಟ್ಟರೆ ನನಗೆ ಬೇರೆ ಮಾತೆಲ್ಲಿ ಬರುತ್ತದೆ ಮೇಡಂ, ಅನ್ನಲಿಲ್ಲ, ಹ್ಞೂಂ ಅಂದೆ. ಇದು ಮೂವತ್ತನೆಯ ಮೋಲ್ಡು, ಇದಾದರೆ ಮುಗಿಯಿತು, ಕೂಡ್ಲಿಗಿಯಲ್ಲಿ ಎಂಟು, ಕೊಟ್ಟೂರಿನಲ್ಲಿ ಏಳು, ಹಡಗಲಿಯಲ್ಲಿ ಆರು, ನಮ್ಮೂರು ಕಾನಹೊಸಹಳ್ಳಿಯಲ್ಲಿ ಐದು, ಹರಪನಹಳ್ಳಿಯಲ್ಲಿ ಮೂರು, ಎರಡು ವರ್ಷ ಯಾರ ಮನೆಗೆ ಮೋಲ್ಡ್ ಬಿದ್ದರೂ ಕರೆಯದ ನೆಂಟಳಂತೆ ಹೋಗಿ ನಿಂತಿದ್ದೇನೆ, ಒಂದು ಬಾಂಡ್ಲಿ ಮೇಲೆ ಬರಲು ಎಷ್ಟು ಸೆಕೆಂಡು ಅಂತ ಬರೆದುಕೊಂಡಿದ್ದೇನೆ. ಮೂವತ್ತು ಇಲ್ಲದಿದ್ದರೆ ಲೆಕ್ಕ ನಿಲ್ಲುವುದಿಲ್ಲ ಅನ್ನುತ್ತಾರೆ ಮೇಡಂ. ಹಗರಿಬೊಮ್ಮನಹಳ್ಳಿಯಲ್ಲೂ ಒಂದು ಇತ್ತು, ಅಲ್ಲಿ ಕಲಸಿದ ಕಾಂಕ್ರೀಟ್ ತೆಳ್ಳಗಿತ್ತು, ತಡೆಯಲಾರದೆ ಮಾಲಿಗೆ ನೀರು ಜಾಸ್ತಿ ಆತು ನೋಡ್ರಿ ಅಂದುಬಿಟ್ಟೆ, ಗ್ಯಾಂಗಿನವರು ಬಾಂಡ್ಲಿ ಇಟ್ಟು ಏಳು ನಿಮಿಷ ನನ್ನ ಜತೆ ಜಗಳಕ್ಕೆ ನಿಂತರು, ಎಲ್ಲ ಕ್ಯಾಮೆರಾದಲ್ಲಿ ಬಂದಿತ್ತು, ಮೇಡಂ ಆ ಹಾಳೆಯನ್ನು ಅಡ್ಡಡ್ಡ ಗೀಚಿದರು. ನೋಡುವವಳು ಬಾಯಿ ಬಿಟ್ಟರೆ ಅದು ಲೆಕ್ಕಕ್ಕಿಲ್ಲ, ಗೋಡೆ ಮೇಲಿನ ಹಲ್ಲಿ ಇದ್ದಹಾಗೆ ಇರಬೇಕು ನೀನು. ಹಲ್ಲಿಯಾದರೂ ಲೊಚಗುಟ್ಟುತ್ತದೆ ಮೇಡಂ. ಅದನ್ನೂ ಅನ್ನಲಿಲ್ಲ. ಕಾಲೇಜಿನ ಕ್ಯಾಮೆರಾ ಈಗ ನನ್ನ ಪಕ್ಕದಲ್ಲಿ ಮೂರು ಕಾಲೂರಿ ನಿಂತು ಎಲ್ಲವನ್ನೂ ನೋಡುತ್ತಿದೆ, ಒಂಬತ್ತು, ಒಂಬತ್ತು, ಹತ್ತು.

ಬೆಳಿಗ್ಗೆ ದಾವಣಗೆರೆ ಬಸ್ಸಿಳಿದು ನೇರ ಇಲ್ಲಿಗೇ ಬಂದೆ, ಎರಡು ದಿನದಿಂದ ಮೇಡಂ ಸಹಿಗೆ ಕಾದು ಕಾದು ಕಾಲು ಊದಿದ್ದವು, ಅತ್ತೆ, ಅಪ್ಪನ ಅಕ್ಕ, ಬಾಗಿಲಲ್ಲೇ ಹಿಡಿದುಕೊಂಡಳು, ಬಾರವ್ವ ಬಾ, ನಿನ್ನ ಮನಿ ಮೋಲ್ಡಿಗೆ ನೀನಾ ತಡ ಮಾಡಿದ್ರ ಹೆಂಗ, ಅಂತ ಕೈಕಾಲು ತೊಳೆಸಿ ಹೊಸ ಸೀರೆ ಉಡಿಸಿ ಮೇಲೆ ಕಳಿಸಿದಳು. ಮೂವತ್ತರಲ್ಲಿ ಸೀರೆ ಉಟ್ಟು ಸ್ಟಾಪ್‌ವಾಚ್ ಹಿಡಿದ ಮೋಲ್ಡು ಇದೊಂದೇ. ಮಿಕ್ಸರಿಗೆ ಕುಂಕುಮ ಹಚ್ಚಿದರು, ಗಾಲಿಗೆ ನಿಂಬೆಹಣ್ಣು ಇಟ್ಟರು, ಕಾಯಿ ಒಡೆದರು, ಮೊದಲನೇ ಬಾಂಡ್ಲಿ ಮನೆಯವರು ಹಾಕಬೇಕು, ಕೊನೆಯ ಮೂಲೆ ಮೇಸ್ತ್ರಿ ತನ್ನ ಕೈಯಾರ ಹಾಕಬೇಕು, ಮೇಸ್ತ್ರಿ ನನ್ನ ಅಪ್ಪ, ಅವನ ಗ್ಯಾಂಗಿನಲ್ಲಿ ಇದು ತಪ್ಪುವಂತಿಲ್ಲ. ಮನೆಯವರು ಅಂದರೆ ನಾನು, ಮತ್ತೆ ಹಾಲಸ್ವಾಮಿ, ಅತ್ತೆಯ ಎರಡನೇ ಮಗ, ಮುಂದಿನ ತಿಂಗಳು ನನ್ನ ಗಂಡನಾಗುವವನು, ಎ.ಪಿ.ಎಂ.ಸಿ.ಯಲ್ಲಿ ಮೆಕ್ಕೆಜೋಳದ ಅಂಗಡಿ ಇಟ್ಟಿರುವವನು. ಇಬ್ಬರೂ ಒಂದೇ ಬಾಂಡ್ಲಿಗೆ ಕೈ ಹಚ್ಚಿ ಹಾಕಿದೆವು, ಎಲ್ಲರೂ ಚಪ್ಪಾಳೆ ಹೊಡೆದರು, ಅವನು ನಕ್ಕ, ನಾನೂ ನಕ್ಕೆ, ನಗುತ್ತಲೇ ಗಡಿಯಾರ ಒತ್ತಿದೆ. ಆಮೇಲೆ ನನ್ನ ಜಾಗಕ್ಕೆ ಬಂದು ನಿಂತು, ತೊಂಬತ್ತೇಳು ಬಾಂಡ್ಲಿ ಎಣಿಸಿದ ಮೇಲೆ, ಸುಮ್ಮನೆ, ಕುತ್ತಿಗೆ ಹಿಡಿದಿತ್ತು ಅಂತ ಆ ಕಡೆ ತಿರುಗಿದೆ, ಓಣಿ ಕಡೆಯ ಮೂಲೆಗೆ. ಕಂಬಿಗಳ ಕೆಳಗೆ ಹಲಗೆಯ ಮೇಲೆ ನಾನೇ ಎಳೆದಿದ್ದ ಕೆಂಪು ಸೀಮೆಸುಣ್ಣದ ಗೆರೆ, ಏಳಡಿ ಉದ್ದ, ಮೂರೂವರೆ ಅಗಲ. ಅದರೊಳಗೆ ಕಂಬಿ ಇರಬಾರದು. ಅದರ ಸುತ್ತ ಹಲಗೆ ಹೊಡೆದು ಬಾಯಿ ಬಿಟ್ಟಿರಬೇಕು. ಕಂಬಿ ಇದೆ, ಆ ಕಡೆಯಿಂದ ಈ ಕಡೆಗೆ, ಉದ್ದಕ್ಕೂ ಅಡ್ಡಕ್ಕೂ, ಗೇಣಿಗೊಂದರಂತೆ, ಒಂದೊಂದು ಗಂಟೂ ಬಿಗಿಯಾಗಿದೆ.

ಅದು ನನ್ನ ಮೆಟ್ಟಿಲು. ಮದುವೆಗೆ ಹ್ಞೂಂ ಅನ್ನುವಾಗ ನಾನು ಕೇಳಿದ್ದು ಅದೊಂದೇ, ಬಂಗಾರ ಕೇಳಲಿಲ್ಲ, ಕೆಳಗೆ ಅತ್ತೆ, ಮೇಲೆ ನಾವು, ಸರಿ, ಆದರೆ ಮೇಲಿನಿಂದ ಓಣಿಗೆ ಇಳಿಯಲು ಬೇರೆ ಮೆಟ್ಟಿಲು ಬೇಕು, ನಕ್ಷೆ ನಾನೇ ಹಾಕುತ್ತೇನೆ. ಎಲ್ಲರೂ ನಕ್ಕಿದ್ದರು, ಹಾಲಸ್ವಾಮಿ, ಇರ್ಲಿ ತಗ, ಅದ್ರಾಗೇನೈತಿ, ಅಂದಿದ್ದ. ಅದರೊಳಗೇನಿದೆ ಅಂತ ಸಂಗೀತಕ್ಕನನ್ನು ಕೇಳಬೇಕು. ಸಂಗೀತಕ್ಕ ಅತ್ತೆಯ ಹಿರೀಸೊಸೆ, ಬಿ.ಎಡ್. ಮಾಡಿದವಳು, ಕೊಟ್ಟೂರಿನ ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದಳು, ದಿನಾ ಏಳೂವರೆಗೆ ಚೀಲ ಹಾಕಿಕೊಂಡು ನಡುಮನೆ ದಾಟಬೇಕು, ನಡುಮನೆಯ ಬಾಗಿಲ ಪಕ್ಕದಲ್ಲೇ ಅತ್ತೆಯ ಮಂಚ, ಅತ್ತೆ ಬೈಯುವವಳಲ್ಲ, ಒಂದು ದಿನವೂ ಬೈದವಳಲ್ಲ, ಎದ್ದು ಕೂತು ಬಾಯಿ ತುಂಬ ಪ್ರೀತಿಯಿಂದ, ಇವತ್ತು ಹೋಗ್ಲೇಬೇಕೇನವ್ವ? ಅಷ್ಟೇ. ಮೊಸರನ್ನ ಕಟ್ಟಿಕೊಂಡಿಯೇನವ್ವ ಅಂತಲೂ ಕೇಳುತ್ತಿದ್ದಳು. ಮರುದಿನ ಮತ್ತೆ, ಇವತ್ತು ಹೋಗ್ಲೇಬೇಕೇನವ್ವ? ಎಂಟು ತಿಂಗಳು. ಒಂದು ಬೆಳಿಗ್ಗೆ ಸಂಗೀತಕ್ಕ ಚೀಲ ಇಳಿಸಿ ಇಲ್ಲ ಅತ್ತಿ ಅಂದಳಂತೆ, ಯಾರೂ ಬೇಡ ಅಂದಿರಲಿಲ್ಲ, ತಾನಾಗಿಯೇ ಬಿಟ್ಟಳು ಅಂತ ಮನೆಯವರೆಲ್ಲ ಇವತ್ತಿಗೂ ಹೇಳುತ್ತಾರೆ, ಅದು ನಿಜ ಕೂಡ. ನನಗೆ ಆ ಪ್ರಶ್ನೆಯ ಭಯ. ದಾವಣಗೆರೆಯ ಸೇತುವೆ ಕೆಲಸದಲ್ಲಿ ಪ್ಲಾನಿಂಗ್ ಇಂಜಿನಿಯರ್ ಅಂತ ಆಯ್ಕೆ ಆಗಿದ್ದೇನೆ, ಪ್ರಬಂಧ ಒಪ್ಪಿಸಿದ ಚೀಟಿ ತೋರಿಸಿದರೆ ಒಂದನೇ ತಾರೀಕಿನಿಂದ ಬನ್ನಿ ಅಂದಿದ್ದಾರೆ, ಆರು ಗಂಟೆಯ ಬಸ್ಸು ಹಿಡಿಯಬೇಕು, ದಿನಾ, ಮಳೆಯಿರಲಿ ಹಬ್ಬವಿರಲಿ, ದಿನಾ ಒಳಗಿನ ಮೆಟ್ಟಿಲಿಳಿದು ಆ ಮಂಚದ ಮುಂದೆ ಹಾದು, ದಿನಾ ಅತ್ತೆಯ ಮುಖ ನೋಡಿ ಹೋಗಬೇಕು ಅತ್ತಿ ಅನ್ನಲು ನನ್ನಿಂದ ಆಗದು. ನಾನು ಗಟ್ಟಿಗಿತ್ತಿ ಅಂತ ಊರೆಲ್ಲ ಹೇಳುತ್ತದೆ, ಸಿಮೆಂಟು ಲಾರಿಯವನ ಹತ್ತಿರ, ಕಂಬಿ ಅಂಗಡಿಯವನ ಹತ್ತಿರ ಗಟ್ಟಿಗಿತ್ತಿಯೇ, ಪ್ರೀತಿಯಿಂದ ಕೇಳುವವರ ಮುಂದೆ ನೀರಾಗುತ್ತೇನೆ. ಅದು ನನಗೆ ಗೊತ್ತು, ಅದಕ್ಕೇ ಮೆಟ್ಟಿಲು. ನೂರ ಮೂರು, ನೂರ ನಾಲ್ಕು, ಇಬ್ಬರು ಕೈ ಬದಲಿಸಿಕೊಂಡರು, ಎಂಟು ಸೆಕೆಂಡು.

ಬರೀ ಎಂಟು. ಈ ಗ್ಯಾಂಗಿನ ವೇಗ ನನ್ನ ಇಪ್ಪತ್ತೊಂಬತ್ತರಲ್ಲಿ ಯಾವುದಕ್ಕೂ ಇರಲಿಲ್ಲ, ಸ್ವಂತ ಮಗಳ ಮನೆ ಅಂತ ಅಪ್ಪ ಒಳ್ಳೊಳ್ಳೆಯವರನ್ನೇ ಆರಿಸಿ ತಂದಿದ್ದಾನೆ, ನನಗೆ ಮೊದಲ ಸಲ ಅನ್ನಿಸುತ್ತಿದೆ, ಸ್ವಲ್ಪ ನಿಧಾನ ಮಾಡ್ರೋ. ಒಟ್ಟು ಎಂಟುನೂರ ಎಪ್ಪತ್ತು ಬಾಂಡ್ಲಿ ಬೇಕು, ಅತ್ತಲ ಮೂಲೆಯಿಂದ ಶುರು ಮಾಡಿದ್ದಾರೆ, ಕೆಂಪು ಗೆರೆ ಕೊನೆಯ ಇಪ್ಪತ್ತು ಬಾಂಡ್ಲಿಯ ಜಾಗ, ಅಂದರೆ ಒಂದು ಗಂಟೆ ಐವತ್ತು ನಿಮಿಷ, ಬೇಡವೆಂದರೂ ತಲೆ ತಾನೇ ಲೆಕ್ಕ ಹಾಕಿಬಿಡುತ್ತದೆ, ಎರಡು ವರ್ಷ ಓದಿದ್ದು ಇದನ್ನೇ ತಾನೆ, ಯಾವ ಕೆಲಸ ಯಾವ ಗಳಿಗೆಗೆ ಎಲ್ಲಿಗೆ ಮುಟ್ಟುತ್ತದೆ ಅಂತ. ನಿಲ್ಲಿಸಿದರೆ? ನಿಲ್ಲಿಸಬಹುದು. ಅರ್ಧ ಗಂಟೆಯ ಕೆಲಸ, ಕಂಬಿ ಕತ್ತರಿಸಿ ಸುತ್ತ ನಾಲ್ಕು ಹಲಗೆ ಹೊಡೆದರೆ ಆಯಿತು, ಅಷ್ಟರಲ್ಲಿ ಮಾಲು ಗಟ್ಟಿಯಾಗಿಬಿಡುವುದಿಲ್ಲ, ಛಾವಣಿಗೆ ಏನೂ ಆಗುವುದಿಲ್ಲ. ಆಗುವುದು ನನ್ನ ಮೂವತ್ತನೇ ಲೆಕ್ಕಕ್ಕೆ. ನೋಡುವವಳು ಬಾಯಿ ಬಿಟ್ಟಳು, ಕೆಲಸ ನಿಂತಿತು, ಕ್ಯಾಮೆರಾದಲ್ಲಿದೆ, ಗೀಚು. ಪ್ರಬಂಧ ಒಪ್ಪಿಸಲು ಸೋಮವಾರ ಕೊನೆಯ ದಿನ, ಅಷ್ಟರೊಳಗೆ ಈ ಐದು ತಾಲ್ಲೂಕಿನಲ್ಲಿ ಬೇರೆ ಮೋಲ್ಡ್ ಇಲ್ಲ, ಎಲ್ಲರಿಗೂ ಫೋನ್ ಮಾಡಿ ಕೇಳಿದ್ದೇನೆ, ಸೋಮವಾರ ತಪ್ಪಿದರೆ ಮುಂದಿನ ಸೆಮಿಸ್ಟರ್, ಅಷ್ಟರಲ್ಲಿ ಮದುವೆ, ಸೇತುವೆಯವರು ಬೇರೆಯವರನ್ನು ನೋಡಿಕೊಳ್ಳುತ್ತಾರೆ. ಬಾಯಿ ಬಿಟ್ಟರೆ ಕೆಲಸವಿಲ್ಲ, ಬಾಯಿ ಮುಚ್ಚಿದರೆ ಕೆಲಸಕ್ಕೆ ಹೋಗುವ ದಾರಿಯಿಲ್ಲ. ಎಷ್ಟು ಚೆಂದಾಗಿ ಸಿಕ್ಕಿಕೊಂಡಿದ್ದೇನೆ, ಸೀರೆ ಬೇರೆ ಉಟ್ಟುಕೊಂಡು. ಸದ್ದಿಲ್ಲದೆ ಹಾಲಸ್ವಾಮಿಗೆ ಮೆಸೇಜು ಹಾಕಿದೆ, ಓಣಿ ಮೆಟ್ಟಿಲು ಮುಚ್ಯಾರ, ನಿಮಗೆ ಗೊತ್ತೈತೇನು? ಕೆಳಗೆ ಸಿಮೆಂಟ್ ಚೀಲದ ಹತ್ತಿರ ಅವನು ಫೋನ್ ತೆಗೆದದ್ದು, ಓದಿದ್ದು, ಮೇಲೆ ನೋಡದೆ ಬೆರಳಾಡಿಸಿದ್ದು ಎಲ್ಲ ಇಲ್ಲಿಂದ ಕಾಣುತ್ತದೆ. ಅವ್ವಗ ಮನಸಿಲ್ಲ, ಹೊರಗಿನ ಮೆಟ್ಟಲ ಇದ್ರ ಬಾಡಿಗಿ ಮನಿ ಕಂಡಂಗ ಕಾಣ್ತದ ಅಂತಾಳ, ಕೆಳಗ ಜ್ವಾಳದ ಚೀಲ ಇಡಾಕ ಜಾಗ ಆತು, ಆಮ್ಯಾಲೆ ಮಾತಾಡಾಣ. ಅದರ ಕೊನೆಗೆ ಒಂದು ಹೂವಿನ ಚಿತ್ರ. ಕೆಟ್ಟವನಲ್ಲ ಅವನು, ಕೆಟ್ಟವನಾಗಿದ್ದರೆ ಎಷ್ಟು ಸುಲಭವಿತ್ತು. ಆಮೇಲೆ ಏನು ಮಾತಾಡುವುದು, ಕಾಂಕ್ರೀಟಿನ ಮುಂದೆ ಆಮೇಲೆ ಅನ್ನುವುದು ಇಲ್ಲ, ಹೊಸ ಮನೆಯ ಛಾವಣಿಯನ್ನು ಸೊಸೆಯ ಮೆಟ್ಟಿಲಿಗೆ ಅಂತ ಯಾರು ಒಡೆಸುತ್ತಾರೆ. ಮುನ್ನೂರ ಹನ್ನೆರಡು.

ಅಪ್ಪ ಇನ್ನೂ ನನ್ನ ಕಡೆ ನೋಡಿಲ್ಲ. ಬೆಳಿಗ್ಗೆಯಿಂದ ಬಾರವ್ವ ಅಂದಿಲ್ಲ, ಬಸ್ಸಿನಾಗ ಸೀಟ್ ಸಿಕ್ಕಿತ್ತೇನು ಅಂದಿಲ್ಲ, ಹಾಕಿದ ಮಾಲನ್ನು ಉದ್ದನೆಯ ಹಲಗೆಯಿಂದ ಎಳೆದು ಮಟ್ಟ ಮಾಡುತ್ತ ಹಿಂದಹಿಂದಕ್ಕೆ ಬರುತ್ತಿದ್ದಾನೆ, ಬೆನ್ನು ನನಗೆ. ತಪ್ಪಿ ಆಯಿತು ಅಂತ ಅವನು ಹೇಳುವಂತಿಲ್ಲ, ಕಾಗದದ ನಕ್ಷೆ ಓದಲು ಬಾರದ ಅಪ್ಪನಿಗೆ ನಾನು ಡಿಪ್ಲೊಮಾ ಕಾಲದಿಂದ ಹಲಗೆಯ ಮೇಲೇ ಸೀಮೆಸುಣ್ಣದಲ್ಲಿ ಇದ್ದಷ್ಟೇ ಅಳತೆಗೆ ಬರೆದುಕೊಡುತ್ತೇನೆ, ಬಿಳಿ ಗೆರೆ ಗೋಡೆ, ನೀಲಿ ಗೆರೆ ತೊಲೆ, ಕೆಂಪು ಗೆರೆ ಬಾಯಿ, ಕೆಂಪಿನೊಳಗೆ ಒಂದು ಕಂಬಿಯೂ ಹೋಗಬಾರದು, ಗ್ಯಾಂಗಿನ ಹೊಸ ಹುಡುಗರಿಗೂ ಅದು ಗೊತ್ತು. ನಮ್ಮ ಶಿವಗಂಗಿ ಗೆರಿ ಹೊಡದ್ರ ಮುಗೀತು, ಬ್ರಹ್ಮ ಬಂದ್ರೂ ಅಳಸಂಗಿಲ್ಲ, ಅಂತ ಕೂಡ್ಲಿಗಿ ಸಂತೆಯಲ್ಲಿ ಹೇಳಿಕೊಂಡು ತಿರುಗುವವನು ಇವನೇ. ಅಳಿಸಿಲ್ಲ ಅಲ್ಲವೇ, ಅಳಿಸದೆ ಮೇಲೆ ಕಂಬಿ ಹಾಕಿದ್ದಾನೆ. ಸಂಗೀತಕ್ಕ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿಯ ಬುಟ್ಟಿ ಹೊತ್ತು ಮೇಲೆ ಬಂದಳು, ಚಹಾಕ್ಕೆ ಹನ್ನೆರಡು ನಿಮಿಷ ನಿಂತಿತು, ಕಾಲಂ ಇರುವ ನಿಲ್ಲುವಿಕೆ, ಬರೆದುಕೊಂಡೆ, ನನ್ನ ಪಕ್ಕದಲ್ಲಿ ನಿಂತು ಅವಳೂ ಓಣಿಯ ಮೂಲೆಯನ್ನೇ ನೋಡಿದಳು. ನಿನ್ನಿ ಸಂಜಿ ನಿಮ್ಮಪ್ಪಾರು ಒಬ್ರಾ ಕಂಬಿ ಕಟ್ಟಿದ್ರವ್ವ, ಹುಡುಗ್ರನ್ನ ಕರೀಲಿಲ್ಲ, ಅತ್ತಿ ಮೆಟ್ಟಲ ಬ್ಯಾಡ ಅಂತ ಹೇಳಿ ಕೆಳಗ ಹೋದಮ್ಯಾಲೆ ಆ ಕೆಂಪು ಗೆರಿ ಎರಡು ಸಲ ಅಳದ್ರು, ಆಮ್ಯಾಲೆ ಕಟ್ಟಿದ್ರು. ಅಷ್ಟು ಹೇಳಿ ನನ್ನ ಕೈಗೆ ಒಂದು ಮೆಣಸಿನಕಾಯಿ ಇಟ್ಟಳು, ತಿನ್ನು, ಆರ್ತೈತಿ. ಅವಳ ಕಣ್ಣಿನಲ್ಲಿ ಕನಿಕರ ಇದ್ದಿದ್ದರೆ ಸಿಟ್ಟು ಬರುತ್ತಿತ್ತು, ಇರಲಿಲ್ಲ, ಜತೆಗೊಬ್ಬಳು ಸಿಕ್ಕಳು ಅನ್ನುವ ಹಾಗೆ ನೋಡಿದಳು, ಅದಕ್ಕೇ ನನಗೆ ಹೆಚ್ಚು ಹೆದರಿಕೆಯಾಯಿತು. ಅತ್ತೆ ಅಂದರೆ ಅಪ್ಪನಿಗೆ ಅಕ್ಕ ಮಾತ್ರ ಅಲ್ಲ, ಹೆತ್ತವ್ವ ಸತ್ತಾಗ ಅಪ್ಪನಿಗೆ ಐದು ವರ್ಷ, ಅತ್ತೆ ಮರುಳಸಿದ್ದಮ್ಮನಿಗೆ ಹನ್ನೆರಡು, ಅವಳೇ ಅನ್ನ ಕಲಸಿ ಬಾಯಿಗಿಟ್ಟವಳು, ಅವಳೇ ಮೇಸ್ತ್ರಿಯ ಕೈಕೆಳಗೆ ಬಿಟ್ಟು ಕೆಲಸ ಕಲಿಸಿದವಳು, ಅವಳ ಮಾತಿಗೆ ಅಪ್ಪ ಒಂದು ದಿನವೂ ಯಾಕೆ ಅಂದವನಲ್ಲ. ಅಂದರೆ ಅವನಿಗೂ ಒಂದು ನಡುಮನೆ, ಒಂದು ಮಂಚ, ಐವತ್ತು ವರ್ಷದಿಂದ. ಪಾಪ ಅನ್ನಿಸುತ್ತದೆ, ಸಿಟ್ಟೂ ಬರುತ್ತದೆ, ನಿನಗೆ ಸಾಧ್ಯವಾಗದ್ದನ್ನು ನನ್ನ ತಲೆಗೆ ಕಟ್ಟಿದೆಯಲ್ಲ ಯಪ್ಪಾ, ಸುಳ್ಳಿಗಾದರೂ ಒಂದು ಫೋನ್ ಮಾಡಬಾರದಿತ್ತೇ, ಮಾಡಿದ್ದರೆ ರಾತ್ರಿಯೇ ಬರುತ್ತಿದ್ದೆ, ಮಾಲು ಬೀಳುವ ಮೊದಲು ಮಾತಾಡಿದರೆ ಯಾವ ಕ್ಯಾಮೆರಾ ಕೇಳುತ್ತದೆ. ಐನೂರ ನಲವತ್ತು. ಬಿಸಿಲು ನೆತ್ತಿಗೆ ಬರುತ್ತಿದೆ.

ಏಳುನೂರು ದಾಟಿತು, ಅಂಜಿನಕ್ಕ ಜೋರಾಗಿ, ಏಯ್ ಬರ್ಲಿ ಬರ್ಲಿ, ಹುಗ್ಗಿ ಆರ್ತೈತಿ, ಅಂತ ಕೂಗುತ್ತಾಳೆ, ಕೆಳಗಿನಿಂದ ಗೋಧಿಹುಗ್ಗಿಯ ವಾಸನೆ, ತುಪ್ಪದ ವಾಸನೆ, ಸಿಮೆಂಟಿನ ವಾಸನೆಯ ಜತೆ ಬೆರೆತು ಬರುತ್ತದೆ, ಒಂಬತ್ತು, ಎಂಟು, ಎಂಟು, ಕೆಲಸ ಮುಗಿಯುವ ಹೊತ್ತಿಗೆ ಆಳಿನ ವೇಗ ಹೆಚ್ಚುತ್ತದೆ ಅಂತ ನಾನೇ ನಾಲ್ಕನೇ ಅಧ್ಯಾಯದಲ್ಲಿ ಬರೆದಿದ್ದೇನೆ, ಎಷ್ಟು ಖುಷಿಯಿಂದ ಬರೆದಿದ್ದೆ. ಸುಳ್ಳು ಬರೆದರೆ, ಮಿಕ್ಸರ್ ಕೆಟ್ಟಿತ್ತು ಅಂತ — ಕ್ಯಾಮೆರಾ ಇದೆ. ಕ್ಯಾಮೆರಾ ಬಿದ್ದರೆ, ಸೆರಗು ತಾಗಿ, ಸೆರಗಿಗೆ ಕಾಲಂ ಇಲ್ಲ — ಥೂ, ವಿಡಿಯೋ ಇಲ್ಲದ ಲೆಕ್ಕವೂ ಲೆಕ್ಕವಲ್ಲ. ಒಳಗಿನ ಮೆಟ್ಟಿಲಿನಿಂದಲೇ ಇಳಿದರೆ ಏನು, ಲಕ್ಷ ಜನ ಇಳಿಯುತ್ತಾರೆ, ಹೋಗಬೇಕು ಅತ್ತಿ ಅಂತ ಒಂದು ಮಾತು, ಒಂದು ದಿನ ಅನ್ನಬಲ್ಲೆ, ಹತ್ತು ದಿನ ಅನ್ನಬಲ್ಲೆ, ತಿಂಗಳಿಗೆ ಇಪ್ಪತ್ತಾರು, ವರ್ಷಕ್ಕೆ ಮುನ್ನೂರ ಹನ್ನೆರಡು, ಅಷ್ಟು ಸಲ ಪ್ರೀತಿಯನ್ನು ತಳ್ಳಿ ಹೋಗುವ ಶಕ್ತಿ ಯಾರಿಗಿರುತ್ತದೆ. ಎಂಟುನೂರ ಮೂವತ್ತು. ಎಂಟುನೂರ ನಲವತ್ತು. ಅಪ್ಪ ಹಲಗೆ ಬದಿಗಿಟ್ಟ, ತಲೆಗೆ ಸುತ್ತಿದ ಟವೆಲ್ ಬಿಚ್ಚಿ ಮುಖ ಒರೆಸಿಕೊಂಡ, ಕೊನೆಯ ಮೂಲೆ, ಮೇಸ್ತ್ರಿಯ ಸರದಿ, ಸಾಲಿನ ತುದಿಗೆ ಬಂದು ನಿಂತು ಎರಡೂ ಕೈ ಚಾಚಿದ. ಬಾಂಡ್ಲಿ ಬಂತು. ತುಂಬಿದ ಬಾಂಡ್ಲಿ, ಎರಡು ಹೆಜ್ಜೆ ಹಾಕಿ ಕೆಂಪು ಗೆರೆಯ ಅಂಚಿಗೆ ಬಂದ, ಬಗ್ಗಲಿಲ್ಲ. ಹಾಕಲಿಲ್ಲ. ತಿರುಗಿ, ಬೆಳಿಗ್ಗೆಯಿಂದ ಮೊದಲ ಸಲ, ನನ್ನನ್ನು ನೋಡಿದ.

ಶಿವಗಂಗಾ, ಹೇಳವ್ವ, ಹಾಕಲೋ ಬ್ಯಾಡೋ. ಗಟ್ಟಿಯಾಗಿಯೇ ಕೇಳಿದ, ಎಲ್ಲರಿಗೂ ಕೇಳಿಸುವಂತೆ, ಅಕ್ಕನಿಗೂ ಕೇಳಿಸಲಿ ಅನ್ನುವಂತೆ, ಇಂಜಿನಿಯರ್ ನೀನಾ, ನೀ ಬ್ಯಾಡ ಅಂದ್ರ ಈಗ್ಲೂ ಬಿಚ್ಚತೀನಿ. ಸಾಲು ನಿಂತಿತು, ಹದಿಮೂರು ಜನರ ಕೈಯಲ್ಲಿ ಬಾಂಡ್ಲಿಗಳು ನಿಂತವು, ಅಟ್ಟಣಿಗೆಯ ಬುಡದಲ್ಲಿ ಅತ್ತೆ ಸೆರಗನ್ನು ಹಣೆಗೆ ಅಡ್ಡ ಹಿಡಿದು ಮೇಲೆ ನೋಡುತ್ತಿದ್ದಾಳೆ, ನಗುತ್ತಿದ್ದಾಳೆ, ಏನಾತವ್ವ ಅನ್ನುವ ಅದೇ ನಗು. ಮೂರು ಸೆಕೆಂಡು, ನಾಲ್ಕು. ಐವತ್ತು ವರ್ಷದಲ್ಲಿ ಆಡದ ಮಾತನ್ನು ಅಪ್ಪ ಆಡಿದ, ಈಗ ನನ್ನದೊಂದು ಮಾತು ಬೇಕು, ಬ್ಯಾಡಪ್ಪ, ಅಷ್ಟೇ, ಬಾಯಲ್ಲಿದೆ, ನಾಲಗೆಯ ತುದಿಯಲ್ಲಿದೆ. ಎಂಟು, ಒಂಬತ್ತು. ಬಾಂಡ್ಲಿಯನ್ನು ಕೆಳಗಿಡಪ್ಪ, ಇಟ್ಟು ಕೇಳು, ಇಡುವುದಿಲ್ಲ, ಮೇಸ್ತ್ರಿ ಎತ್ತಿದ ಬಾಂಡ್ಲಿ ಹಾಕಬೇಕೇ ಹೊರತು ಇಡಬಾರದು, ಹಾಲಿನಂಥ ಸಿಮೆಂಟು ನೀರು ಅಂಚಿನಿಂದ ಅವನ ಮೊಣಕೈಗೆ ಇಳಿಯುತ್ತಿದೆ, ಅರವತ್ತಕ್ಕೆ ಹತ್ತಿರದ ತೋಳು, ಮೊದಲು ಬೆರಳು ನಡುಗಿದವು, ಆಮೇಲೆ ಮಣಿಕಟ್ಟು, ಆಮೇಲೆ ತೋಳು ಭುಜ ಎಲ್ಲ ಒಟ್ಟಿಗೆ, ಅವನು ತುಟಿ ಕಚ್ಚಿ ನನ್ನನ್ನೇ ನೋಡುತ್ತಿದ್ದಾನೆ, ಇಪ್ಪತ್ತೆರಡು, ಇಪ್ಪತ್ಮೂರು, ನನ್ನಿಂದ ನೋಡಲಾಗಲಿಲ್ಲ. ಹಾಕಪ್ಪ. ನಾನೇ ಅಂದೆ. ಬ್ಯಾಡ ಅನ್ನಬೇಕಾದ ಬಾಯಿಂದಲೇ, ಅವನ ತೋಳಿಗಾಗಿ, ಹಾಕಪ್ಪ ಅಂದೆ. ಅವನು ಹಾಕಿದ. ಕಂಬಿಯ ಸಂದಿಯಿಂದ ಮಾಲು ಇಳಿದು ಕೆಂಪು ಗೆರೆಯ ಮೇಲೆ ಕೂತಿತು. ಆಗ ಹೊಳೆಯಿತು, ಕ್ಯಾಮೆರಾ, ಕೆಂಪು ದೀಪ ಉರಿಯುತ್ತಲೇ ಇದೆ, ನಾನು ಮಾತಾಡಿದೆ, ನೋಡುವವಳು ಬಾಯಿ ಬಿಟ್ಟಳು, ಕೆಲಸ ನಿಂತಿತ್ತು ಇಪ್ಪತ್ನಾಲ್ಕು ಸೆಕೆಂಡು, ಮೂವತ್ತನೆಯದೂ ಹೋಯಿತು, ಮೆಟ್ಟಿಲೂ ಹೋಯಿತು, ಎರಡೂ, ಒಂದೇ ಮಾತಿಗೆ. ಸಾಲು ಮತ್ತೆ ಕದಲಿತು, ಮುಂದಿನ ಬಾಂಡ್ಲಿ ಬಂದು ಅಪ್ಪನ ಬೆನ್ನ ಹಿಂದೆ ಕಾಯುತ್ತಿದೆ, ಹಿಡೀರಿ ಮೇಸ್ತ್ರಿ, ಅಂಜಿನಕ್ಕ ಅನ್ನುತ್ತಾಳೆ, ಹಿಡೀರಿ, ಅಪ್ಪ ತಿರುಗುವುದಿಲ್ಲ, ಖಾಲಿ ಬಾಂಡ್ಲಿಯನ್ನು ಹಿಂದಕ್ಕೆ ಕೊಡುವುದಿಲ್ಲ, ಭಾರ ಇಳಿದ ಮೇಲೂ ಅವನ ಕೈ ನಡುಗುತ್ತಲೇ ಇದೆ, ಖಾಲಿ ಬಾಂಡ್ಲಿ, ನನ್ನ ಕಡೆ ಚಾಚಿದ ಎರಡು ಕೈ, ಅದರಲ್ಲಿ ಖಾಲಿ ಬಾಂಡ್ಲಿ, ಅಪ್ಪ, ಖಾಲಿ ಬಾಂಡ್ಲಿ